ಮಾವನವರ ಕಾರಿನ ಫೋಟೋ ತೆಗೆಸಿದ್ದು

ಬೇರೆಯವರ ಮನೆಯಲ್ಲಿ ಕೆಲಸಗಳು ಒಂದೇ ಸಲಕ್ಕೆ ಆಗಿಬಿಡುತ್ತವಂತೆ. ನಮ್ಮಲ್ಲಿ ಹಾಗೆ ಆದದ್ದು ನಾನಂತೂ ಕಂಡಿಲ್ಲ. ಈ ಕಾರಿನ ಸಂಗತಿಯನ್ನೇ ನೋಡಿ.

ಸದಾಶಿವ ಪೇಠದ ಒಂದು ವಾಡೆಯಲ್ಲಿ ನಮ್ಮದು ಎರಡು ಕೋಣೆ. ನಡುವೆ ಅಂಗಳ, ಸುತ್ತ ಬಾಡಿಗೆ ಮನೆಗಳು, ಬೀದಿಗೆ ಹೋಗಲು ಎಲ್ಲರಿಗೂ ಒಂದೇ ದೊಡ್ಡ ಬಾಗಿಲು. ಬಾಗಿಲೆದುರಿಗೇ ಮಾವನವರ ಹಳೆಯ ಕಪ್ಪು ಕಾರು. ನಾನು ಸೊಸೆಯಾಗಿ ಬರುವ ಮೊದಲಿನಿಂದಲೂ ನಿಂತಲ್ಲೇ ನಿಂತಿದೆ. ಅದರಿಂದ ನಮ್ಮ ಬಾಗಿಲು ಅರ್ಧವೇ ತೆರೆಯುತ್ತದೆ. ಮಗಳು ನಡೆಯಲು ಕಲಿತ ಮೇಲೆ, ಅದರ ಬಂಪರಿಗೆ ಬಡಿದು ಅವಳ ಹಣೆ ಮೂರನೆಯ ಸಲ ಊದಿದ ದಿನ ಹೇಳಿಬಿಟ್ಟೆ: "ಈ ಮನ್ಯಾಗ ಕಾರರ ಇರಬೇಕು, ಇಲ್ಲಾ ನಾನರ ಇರಬೇಕು."

ಮನೆಯವರು ಭಾಳ ಹೊತ್ತು ವಿಚಾರ ಮಾಡಿದರು. ಆ ಸಿಟ್ಟು ನನಗೆ ಇನ್ನೂ ಇದೆ.

ಕೊನೆಗೆ ಹಳೆಯ ಕಾರು ಕೊಂಡು ಕೂಡಿಹಾಕುವ ಮುಂಬಯಿಯ ಸೇಠಜಿಯೊಬ್ಬರು ಸಿಕ್ಕರು. ಮೊದಲು ಫೋಟೋ ಕಳಿಸಿ ಎಂದರು.

ಮೊದಲನೆಯ ರೀಲು

ಮನೆಯವರು ಆಫೀಸಿನ ಗೆಳೆಯನ ಕ್ಯಾಮೆರಾ ತಂದು ಮೂವತ್ತಾರು ಫೋಟೋ ತೆಗೆದರು. ತೊಳೆಸಿ ತಂದಾಗ ನೋಡಿದರೆ ಮೂವತ್ತಾರರಲ್ಲೂ ಮಾವನವರು. ಕೋಟು, ಕರಿ ಟೋಪಿ ಹಾಕಿಕೊಂಡು ದೀಪದ ಮುಂದೆ, ನಂಬರ್ ಪ್ಲೇಟಿನ ಮುಂದೆ, ನಾಲ್ಕೂ ಬಾಗಿಲ ಮುಂದೆ. ಕಾರು ಅವರ ಕಂಕುಳ ಸಂದಿಯಲ್ಲಿ ಅಷ್ಟಿಷ್ಟು ಇಣುಕುತ್ತಿತ್ತು.

"ರೀ, ನಿಮಗ ಕಾರು ಕಾಣಲಿಲ್ಲೇನು?"

"ಅಪ್ಪಗ ಸರೀರಿ ಅಂತ ಹ್ಯಾಂಗ ಹೇಳಲಿ?"

"ಹಂಗಾರ ಮಾವಾರನ್ನ ಮುಂಬೈಗೆ ಕಳಸ್ರಿ. ಸೇಠಜಿ ಎಷ್ಟಕ್ಕ ತಗೋತಾರ ನೋಡೂಣು."

ಸ್ಟುಡಿಯೋದವನು

ಓಣಿಯ ಸ್ಟುಡಿಯೋದವನನ್ನು ಕರೆದೆ. ವರ್ಷವಿಡೀ ಲಗ್ನದ ಫೋಟೋ ತೆಗೆಯುವವನು. ಬಂದವನೇ ಕಾರಿಗೆ ಹೂವಿನ ಹಾರ ಹಾಕಿಸಿದ. ವಾರ ಬಿಟ್ಟು ಆಲ್ಬಮ್ ತಂದ. ಮೊದಲ ಹಾಳೆಯಲ್ಲಿ ಕಮಲದ ಹೂವಿನಲ್ಲಿ ಕಾರು. ಎರಡನೆಯದರಲ್ಲಿ ಚಂದ್ರನ ಮೇಲೆ. ಮೂರನೆಯದರಲ್ಲಿ ಕೆಂಪು ಹೃದಯದೊಳಗೆ.

"ಮಿಕ್ಸಿಂಗ್ ಮಾಡಿದ್ದೇನೆ ವಹಿನಿ, ಅದಕ್ಕೆ ಬೇರೆ ದುಡ್ಡಿಲ್ಲ" ಎಂದು ಮರಾಠಿಯಲ್ಲಿ ಹೇಳಿ ಬೀಗಿದ.

ನಾನೂ ಮರಾಠಿಯಲ್ಲೇ ಕೇಳಿದೆ: "ಹುಡುಗಿ ಛಂದ ಇದ್ದಾಳೆ. ವರ ಯಾರು, ಲಾರಿಯೋ ಟೆಂಪೋನೋ?"

ನಾನೇ ತೆಗೆದದ್ದು

ಸಿಟ್ಟಿನಿಂದ ಕ್ಯಾಮೆರಾ ನಾನೇ ಹಿಡಿದೆ. ಕಾರಿನ ಮೇಲೆ ಪಕ್ಕದ ಮನೆಯ ಕಾಕೂ ಹಪ್ಪಳ ಒಣಹಾಕಿದ್ದರು. ತೆಗೆಯಿರಿ ಎಂದರೆ, "ಇನ್ನೆರಡು ಬಿಸಿಲು ಬೇಕು" ಎಂದರು. ಎರಡು ದಿನ ಕಾದೆ. ಮೂರನೆಯ ದಿನ ಕಾರು ತೊಳೆದು, ಮಾವನವರನ್ನು ಸ್ವಾರಗೇಟಿಗೆ ಬಸ್ಸಿನ ವೇಳೆ ಕೇಳಿಕೊಂಡು ಬರಲು ಕಳಿಸಿ, ಆರೇ ಆರು ಫೋಟೋ ತೆಗೆದೆ.

ಅವನ್ನು ನೋಡಿ ಸೇಠಜಿ ತಾವೇ ಬಂದರು. ಕಾರಿನ ಸುತ್ತ ಎರಡು ಸಲ ತಿರುಗಿ, "ಇವತ್ತೇ ಒಯ್ಯುತ್ತೇನೆ" ಎಂದರು. ವಾಡೆಯ ಗಂಡಸರೆಲ್ಲ ಸೇರಿ ದಬ್ಬಿದರು. ಅಂಗಳ ದಾಟಿತು, ದೊಡ್ಡ ಬಾಗಿಲಿಗೆ ಬಂತು, ನಿಂತುಬಿಟ್ಟಿತು. ಸೇಠಜಿ ಟೇಪು ಹಿಡಿದರು. ಕಾರಿಗಿಂತ ಬಾಗಿಲು ನಾಲ್ಕು ಬೆರಳು ಸಣ್ಣದು. ವಾಡೆಯ ಮಾಲಕರು ಹಿಂದೆ ಯಾವಾಗಲೋ ಬಾಗಿಲಿನ ಒಂದು ಬದಿಗೆ ಗೋಡೆ ಕಟ್ಟಿ ಎಸ್‌ಟಿಡಿ ಬೂತ್ ಮಾಡಿದ್ದರಂತೆ.

ಸೇಠಜಿ ಟೇಪು ಸುತ್ತಿಕೊಂಡು ಕೇಳಿದರು: "ಬೆಹೆನ್‌ಜಿ, ವಾಡೆ ಸಹಿತ ಮಾರುತ್ತೀರೇನು?"

ನಾನು ಮನೆಯವರ ಕಡೆ ನೋಡಿದೆ. ಅವರು ಮಾವನವರ ಕಡೆ ನೋಡಿದರು. ಮಾವನವರು ನಿರುಮ್ಮಳವಾಗಿ ಹೇಳಿದರು: "ಹೋಗೂದಿಲ್ಲಂತ ನನಗ ಬೂತ್ ಕಟ್ಟಿದಾಗಿಂದ ಗೊತ್ತದ."

"ಮತ್ತ ಯಾಕ ಹೇಳಲಿಲ್ರಿ?"

"ನೀ ಫೋಟೋ ಕಳಸ್ತೀನಿ ಅಂದೆವ್ವಾ. ಫೋಟೋ ಹೊರಗ ಹೋಗೂದಿಲ್ಲಂತ ನಾ ಯಾವಾಗರ ಅಂದೇನೇನು?"

ದಬ್ಬಿದವರು ಕಾರನ್ನು ಹಿಂದಕ್ಕೆ ಎಳೆಯಲು ಬಂದರು. ನಾನು ಮಗಳನ್ನು ಖಾಲಿ ಅಂಗಳದಲ್ಲಿ ಓಡಲು ಬಿಟ್ಟು, ಕಾರಿನ ಬಂಪರಿನ ಮೇಲೇ ಕೂತೆ.

"ಯಾರೂ ಮುಟ್ಟಬ್ಯಾಡ್ರಿ. ಬಾಗಲಾ ತುಂಬ ಕಾರ್ ಅದ, ಮಾಲಕರ ಸ್ಕೂಟರ್ ಒಳಗದ. ನಾಳೆ ಮುಂಜಾನೆ ಅವರು ಹೊರಗ ಹೋಗೂದ್ರಾಗ ಬೂತ್ ತಾನಾ ಬೀಳತದ."