ಅರ್ಧ ಮೀಸೆ, ಪೂರ್ತಿ ಗಮನ

ಗಿರಾಕಿ: ಅಲ್ರೀ, ಅರ್ಧ ಮೀಸೆ ಕತ್ತರಿಸಿ ಕಣ್ಣು ಮುಚ್ಕೊಂಡು ನಿಂತ್ಬಿಟ್ರೆ ಮಿಕ್ಕಿದ್ದನ್ನ ನಮ್ಮಜ್ಜ ಬಂದು ಕತ್ತರಿಸ್ತಾನಾ?

ಕ್ಷೌರಿಕ: ಶ್! ಮಾತಾಡ್ಬೇಡಿ ಸಾರ್. ನನ್ನ ಉಸಿರು ಗಮನಿಸ್ತಿದ್ದೀನಿ.

ಗಿರಾಕಿ: ನಿಮ್ಮ ಉಸಿರು ನೆಟ್ಟಗೆ ನನ್ನ ಮೂಗಿಗೇ ಬರ್ತಿದೆ. ಬೇಡ ಅಂದ್ರೂ ನಾನೂ ಗಮನಿಸ್ತಿದ್ದೀನಿ! ಬೆಳಿಗ್ಗೆ ಈರುಳ್ಳಿ ತಿಂದಿದ್ದೀರಿ.

ಕ್ಷೌರಿಕ: ಅಯ್ಯೋ, ಈರುಳ್ಳಿ ಅಂದ್ರಿ, ಮನಸ್ಸು ಅಡುಗೆಮನೆಗೆ ಹೋಯ್ತು. ಈಗ ಹೋಗಿ ವಾಪಸ್ ಕರ್ಕೊಂಡು ಬರ್ಬೇಕು.

ಗಿರಾಕಿ: ಅಡುಗೆಮನೆಗಾ? ಮೊದ್ಲು ಕತ್ತರಿ ಕೆಳಗಿಟ್ಟು ಹೋಗ್ರೀ!

ಅಂಗಡಿ ಚಿಕ್ಕದು. ಒಂದು ದೊಡ್ಡ ಕನ್ನಡಿ, ಒಂದು ತಿರುಗುವ ಕುರ್ಚಿ, ಕಿರುಗುಟ್ಟುವ ಫ್ಯಾನು. ಮೂಲೆಯಲ್ಲಿ ಟವೆಲ್ ಮಡಚುತ್ತಿದ್ದ ಕ್ಷೌರಿಕನ ಅಕ್ಕ ಗಡಬಡಿಸಿ ಎದ್ದು ಬಂದಳು. ಕ್ಷೌರ ಮುಗಿಯುವ ಮೊದಲೇ ಎದ್ದು ಹೋದ ಗಿರಾಕಿಗಳನ್ನು ನೋಡಿ ನೋಡಿ ಅವಳಿಗೆ ಸಾಕಾಗಿತ್ತು. ಇನ್ನೊಬ್ಬರು ಹಾಗೆ ಹೋದರೆ ಅಂಗಡಿಗೆ ಬೀಗ ಎಂದು ತಮ್ಮನಿಗೆ ಬೆಳಿಗ್ಗೆಯಷ್ಟೇ ಎಚ್ಚರಿಕೆ ಕೊಟ್ಟಿದ್ದಳು.

ಅಕ್ಕ: ಕೋಪ ಮಾಡ್ಕೋಬೇಡಿ ಅಣ್ಣ. ಇವನಿಗೆ ಎಡಿಎಚ್‌ಡಿ.

ಗಿರಾಕಿ: ಸಂತೋಷ, ದೊಡ್ಡ ಓದೇ ಓದಿದ್ದಾರೆ. ಅಷ್ಟು ಓದಿದೋರು ಮೀಸೆ ಅರ್ಧಕ್ಕೇ ಬಿಡ್ಬಾರ್ದು.

ಅಕ್ಕ: ಓದಲ್ಲ ಅಣ್ಣ, ತೊಂದರೆ. ಗಮನ ಒಂದು ಕಡೆ ನಿಲ್ಲಲ್ಲ. ಹೋದ ವಾರ ಒಬ್ಬರ ಮುಖಕ್ಕೆ ನೊರೆ ಹಚ್ಚಿ, ಬಿಸಿನೀರು ತರ್ತೀನಿ ಅಂತ ಹೋದೋನು ಎದುರುಮನೆಯೋರ ಬೀರು ಮಹಡಿ ಮೇಲಕ್ಕೆ ಹೊತ್ತು ಹಾಕಿ ಸಾಯಂಕಾಲ ಬಂದ.

ಗಿರಾಕಿ: ಪಾಪ, ನೊರೆ ಹಚ್ಚಿಸ್ಕೊಂಡೋರು?

ಕ್ಷೌರಿಕ: ಬೀರುವಿನ ಇನ್ನೊಂದು ತುದಿ ಹಿಡಿದಿದ್ದು ಅವರೇ ಸಾರ್. ತುಂಬ ಒಳ್ಳೆ ಜನ.

ಗಿರಾಕಿ: ಇಂಥೋರ ಕೈಗೆ ಕತ್ತರಿ ಕೊಟ್ಟೋರು ಯಾರು?

ಅಕ್ಕ: ನಮ್ಮಪ್ಪ. ಕತ್ತೀನೂ ಕೊಟ್ಟಿದ್ದಾರೆ, ಅದನ್ನ ನಾನು ಬಚ್ಚಿಟ್ಟಿದ್ದೀನಿ. ಈಗ ಡಾಕ್ಟರಮ್ಮ ಮಾತ್ರೆ ಜೊತೆಗೆ ಒಂದು ಅಭ್ಯಾಸ ಹೇಳ್ಕೊಟ್ಟಿದ್ದಾರೆ. ಮನಸ್ಸು ಓಡಿದ್ರೆ ಬೈಕೋಬಾರ್ದು. ‘ಓಹೋ, ಓಡ್ತು’ ಅಂತ ಗುರುತಿಸಿ, ಮೆಲ್ಲಗೆ ಉಸಿರಿಗೆ, ಕೈಲಿರೋ ಕೆಲ್ಸಕ್ಕೆ ಕರ್ಕೊಂಡು ಬರೋದು.

ಗಿರಾಕಿ: ಬೇಗ ಕರ್ಕೊಂಡು ಬರ್ಲಿ ತಾಯಿ. ನನಗೆ ಬೀದಿ ತುಂಬ ಕೆಲ್ಸ ಬಿದ್ದಿದೆ.

ಕ್ಷೌರಿಕ ಎಡಗಡೆಗೆ ಕತ್ತರಿ ಇಟ್ಟ.

ಕ್ಷೌರಿಕ: ಉಸಿರು ಒಳಗೆ... ಉಸಿರು ಹೊರಗೆ... ಫ್ಯಾನಿಗೆ ಎಣ್ಣೆ ಬಿಡ್ಬೇಕು. ಓಹೋ, ಓಡ್ತು. ಉಸಿರು ಒಳಗೆ... ಈ ಸಾರ್‌ಗೆ ಒಂದು ಕಿವಿ ದೊಡ್ಡದು. ಓಹೋ, ಓಡ್ತು.

ಗಿರಾಕಿ: ಯಾವ ಕಿವಿ?

ಕ್ಷೌರಿಕ: ಅದು ಬರೀ ಯೋಚನೆ ಸಾರ್. ಅದರ ಹಿಂದೆ ಹೋಗ್ಬಾರ್ದು.

ಗಿರಾಕಿ: ನಿಮಗೆ ಯೋಚನೆ, ನನಗೆ ಕಿವಿ! ಬಲಗಡೇದಾ?

ಅಕ್ಕ: (ಬಗ್ಗಿ ನೋಡಿ) ಎಡಗಡೇದು. ತಮ್ಮಾ, ಗಮನ ಇದೆಯೇನೋ?

ಕ್ಷೌರಿಕ: ಇತ್ತು, ನೀನು ಕೇಳೋವರೆಗೂ.

ಅಕ್ಕ: ಈಗ?

ಕ್ಷೌರಿಕ: ಈಗ ನಿನ್ನ ಮೇಲಿದೆ.

ಅಕ್ಕ: ನನ್ನ ಮೇಲೆ ಯಾಕೋ? ಅವರ ಮೀಸೆ ಮೇಲಿಡು!

ಈ ಮಾತಿನ ನಡುವೆ ಎಡಮೀಸೆ ಬಲದ್ದಕ್ಕಿಂತ ಸಣ್ಣದಾಯಿತು. ಸರಿದೂಗಿಸಲು ಕ್ಷೌರಿಕ ಬಲಕ್ಕೆ ಹೋದ. ಈಗ ಬಲದ್ದು ಸಣ್ಣದಾಯಿತು. ಮತ್ತೆ ಎಡಕ್ಕೆ ಬಂದ.

ಗಿರಾಕಿ: ನಿಲ್ಸಿ, ನಿಲ್ಸಿ! ಎತ್ತು ಏರಿಗೆ, ಕೋಣ ನೀರಿಗೆ ಅಂತ ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಹೊರಟಿದೆ. ಎರಡು ಬೆಕ್ಕಿಗೆ ಮಂಗ ಬೆಣ್ಣೆ ಹಂಚಿದ ಹಾಗೆ ಹಂಚ್ತಾ ಹೋದ್ರೆ ಕೊನೆಗೆ ಉಳಿಯೋದು ತುಟಿ ಒಂದೇ. ಮೀಸೆ ಇಲ್ದೆ ಮನೆಗೆ ಹೋದ್ರೆ ನಮ್ಮ ನಾಯಿ ನನ್ನ ಒಳಗೆ ಬಿಡಲ್ಲ. ನಾನು ಹೊರಟೆ!

ಅಕ್ಕ: ಮುಗೀತು. ಎಲ್ಲೋ ಬೀಗ?

ಗಿರಾಕಿ ಕುತ್ತಿಗೆಯ ಬಟ್ಟೆ ಕಿತ್ತು ಎದ್ದೇ ಬಿಟ್ಟ. ಕ್ಷೌರಿಕ ಅಡ್ಡ ಬಂದು ನಿಂತ.

ಕ್ಷೌರಿಕ: ಸಾರ್, ಚಿಕ್ಕಂದಿನಿಂದ ಎಲ್ರೂ ನನ್ನ ಕೇಳಿದ್ದು ಒಂದೇ ಮಾತು, ‘ಗಮನ ಎಲ್ಲಿಟ್ಟಿದ್ದೀಯೋ?’ ಮೇಷ್ಟ್ರು ಕೇಳಿದ್ರು, ಅಪ್ಪ ಕೇಳಿದ್ರು, ಇವಳಂತೂ ದಿನಾ ಕೇಳ್ತಾಳೆ. ಅದನ್ನ ಹೇಗೆ ಇಡ್ಬೇಕು ಅಂತ ಹೇಳ್ಕೊಟ್ಟಿದ್ದು ಆ ಡಾಕ್ಟರಮ್ಮ ಒಬ್ರೇ. ಇನ್ನೂ ಕಲೀತಿದ್ದೀನಿ. ಇದೊಂದು ಮೀಸೆ ಮುಗ್ಸೋಕೆ ಬಿಡಿ.

ಗಿರಾಕಿ ಕಿತ್ತ ಬಟ್ಟೆಯನ್ನು ತಾನೇ ಕುತ್ತಿಗೆಗೆ ಸುತ್ತಿಕೊಂಡ. ಮತ್ತೆ ಕುಳಿತ.

ಗಿರಾಕಿ: ನಮ್ಮ ಮೇಷ್ಟ್ರೂ ಹಾಗೇ ಕೇಳ್ತಿದ್ರು ಬಿಡಿ. ಸರಿ, ನಡೀಲಿ. ಆದ್ರೆ ನನ್ನ ಕಾಲು ಸುಮ್ನಿರಲ್ಲ, ಕುಣೀತಾನೇ ಇರುತ್ತೆ. ಏನ್ಮಾಡ್ಲಿ?

ಕ್ಷೌರಿಕ: ಕುಣೀತಿದೆ ಅಂತ ಗಮನಿಸಿ, ಸಾಕು.

ಗಿರಾಕಿ: ಗಮನಿಸ್ದೆ. ಅರೆ, ನಿಂತೋಯ್ತು! ಹೆಂಡ್ತಿ ಬೈದು ಬೈದು ಸುಸ್ತಾಗಿದ್ಲು, ನಿಂತಿರ್ಲಿಲ್ಲ ಇದು.

ಅಕ್ಕ: ಮತ್ತೆ ನಾನೇನು ಗಮನಿಸ್ಲೋ?

ಕ್ಷೌರಿಕ: ನೀನು ನಿನ್ನ ಬಾಯಿ ಗಮನಿಸಕ್ಕಾ.

ಅಕ್ಕ ಟವೆಲಿನ ರಾಶಿಯ ಪಕ್ಕ ತುಟಿ ಬಿಗಿದು ಕುಳಿತಳು. ಅಂಗಡಿಯಲ್ಲಿ ಫ್ಯಾನಿನ ಕಿರಕಿರ, ಕತ್ತರಿಯ ಕಚಕಚ, ಮೂವರ ಉಸಿರು. ಹೊರಗೆ ಯಾವುದೋ ವಾಹನ ಕಿರುಚಿತು. ಕ್ಷೌರಿಕನ ಕತ್ತು ಆ ಕಡೆ ಹೊರಳಿತು, ಕ್ಷಣ ನಿಂತಿತು, ತಿರುಗಿ ಮೀಸೆಗೆ ಬಂತು. ಕೊನೆಗೆ ಬ್ರಷ್ಷಿನಿಂದ ಗಿರಾಕಿಯ ಕೆನ್ನೆ ಒರೆಸಿ ಹಿಂದೆ ಸರಿದ.

ಗಿರಾಕಿ: ಆಹಾ! ಎರಡು ಕಡೆನೂ ಅವಳಿಜವಳಿ ಹಾಗಿದೆ! ಸ್ವಲ್ಪ ಚಿಕ್ಕ ಮಕ್ಳು, ಅಷ್ಟೇ.

ಅಕ್ಕ: (ಸೆರಗಿನಲ್ಲಿ ಕಣ್ಣೊರೆಸಿಕೊಂಡು) ನಿನ್ನ ಮನಸ್ಸು ಒಂದು ಸಲಾನೂ ಓಡ್ಲಿಲ್ಲ ಕಣೋ!

ಕ್ಷೌರಿಕ: ಬೇಕಾದಷ್ಟು ಸಲ ಓಡ್ತು ಅಕ್ಕ. ಓಡಿದಾಗೆಲ್ಲ ವಾಪಸ್ ಬಂದೆ.

ಗಿರಾಕಿ ಮೀಸೆ ಸವರಿಕೊಳ್ಳುತ್ತ ಮೊಳೆಗೆ ತೂಗುಹಾಕಿದ್ದ ತನ್ನ ಚೀಲ ತೆಗೆದುಕೊಂಡ. ಬಾಗಿಲ ಬಳಿ ಹೋಗಿ ಚೀಲದೊಳಗೆ ಕೈ ಹಾಕಿದವನು ಹಾಗೇ ಕಲ್ಲಾಗಿ ನಿಂತ.

ಗಿರಾಕಿ: ಅಯ್ಯಯ್ಯೋ! ನಾನು ಗಿರಾಕಿನೇ ಅಲ್ಲ!

ಅಕ್ಕ: ಮತ್ತಿನ್ನೇನು?

ಗಿರಾಕಿ: (ಚೀಲದಿಂದ ಬಿಲ್ ಮೆಷಿನ್ ತೆಗೆದು) ನಿಮ್ಮ ಕರೆಂಟ್ ಮೀಟರ್ ನೋಡೋಕೆ ಬಂದೋನು!

ಅಕ್ಕ: ಹಾಗಾದ್ರೆ ಕುರ್ಚೀಲಿ ಯಾಕೆ ಕೂತ್ರಿ?

ಗಿರಾಕಿ: ಇವರು ‘ಬನ್ನಿ ಸಾರ್’ ಅಂದ್ರು, ಬಂದೆ. ಕುರ್ಚಿ ತಿರುಗುತ್ತೆ ಅಂತ ಗೊತ್ತಾಯ್ತು, ಕೂತೆ. ಆಮೇಲೆ ಎದುರಿಗೆ ಕನ್ನಡಿ, ಕನ್ನಡೀಲಿ ಮೀಸೆ...

ಅಕ್ಕ ತಮ್ಮನ ಮುಖ ನೋಡಿದಳು. ತಮ್ಮ ಗಿರಾಕಿಯ ಹತ್ತಿರ ಹೋಗಿ ಹೆಗಲ ಮೇಲೆ ಕೈಯಿಟ್ಟ.

ಕ್ಷೌರಿಕ: ಸಾರ್, ಡಾಕ್ಟರಮ್ಮನ ವಿಳಾಸ ಕೊಡ್ಲಾ?

ಗಿರಾಕಿ: ಕೊಡಿ. ಆದ್ರೆ ಈ ಅಕ್ಕನ್ನೂ ಜೊತೆಗೆ ಕಳಿಸಿ. ಇಲ್ದಿದ್ರೆ ಅವರ ಮನೆ ಮೀಟರ್ ನೋಡ್ಕೊಂಡು ವಾಪಸ್ ಬಂದ್ಬಿಡ್ತೀನಿ.