ಕೊರಿಯಾದ ಸೂತಕ

ಟೀವಿ ಧಾರಾವಾಹಿಯಲ್ಲಿ ಮುಂದಿನ ವಾರ ಯಾರು ಸಾಯುತ್ತಾರೆ ಎಂಬುದು ಅದನ್ನು ಬರೆದವನಿಗಿಂತ ಮೊದಲು ನಮ್ಮ ದೊಡ್ಡಮ್ಮನಿಗೆ ಗೊತ್ತಾಗುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕವಳೇ. ಚಿಕ್ಕಬಳ್ಳಾಪುರದ ಹೈಸ್ಕೂಲೊಂದರಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು ಇಂಥದ್ದಕ್ಕೆಲ್ಲ ನಗದಿದ್ದರೆ ನನ್ನ ಸಂಬಳಕ್ಕೇ ಅವಮಾನವಲ್ಲವೇ? ಆದರೆ ಆ ವರ್ಷದ ದಸರಾ ರಜೆಯಲ್ಲಿ ಕೆಂಚಾರ್ಲಹಳ್ಳಿಗೆ ಹೋಗಿ ಬಂದ ಮೇಲೆ ನನ್ನ ನಗು ಸ್ವಲ್ಪ ಕಡಿಮೆಯಾಗಿದೆ.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಅವಳ ಮನೆಯಲ್ಲಿ ಎರಡೇ ಕೋಣೆ. ಒಂದರಲ್ಲಿ ದೊಡ್ಡಮ್ಮ, ದೊಡ್ಡಪ್ಪ, ಟೀವಿ. ಇನ್ನೊಂದರಲ್ಲಿ ಸಾವಿರಾರು ರೇಷ್ಮೆಹುಳು. ಯಾರ ಮನೆಯಲ್ಲಿ ಯಾರು ಬಾಡಿಗೆಗೆ ಇದ್ದಾರೆ ಎಂದು ಕೇಳಬೇಡಿ! ಹುಳುಗಳ ಕೋಣೆಯ ಕಿಟಕಿಗೆ ಗೋಣಿತಾಟು ಕಟ್ಟಿ, ಹಗಲಲ್ಲೂ ಅಲ್ಲಿ ಮುಸ್ಸಂಜೆಯ ಬೆಳಕೇ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ, ಘಾಟಿನ ವಸ್ತು ತರುವಂತಿಲ್ಲ, ಮೈಲಿಗೆಯವರು ಹೊಸಿಲು ದಾಟುವಂತಿಲ್ಲ. ದೊಡ್ಡಪ್ಪನಿಗಂತೂ ಅಲ್ಲಿ ಆಜೀವ ಬಹಿಷ್ಕಾರ. ಅವರು ಹೊಗೆಸೊಪ್ಪು ಹಾಕುತ್ತಾರೆ, ಹೊಗೆಸೊಪ್ಪು ಮುಟ್ಟಿದ ಕೈ ಸೋಕಿದರೂ ಹುಳು ಹಸಿರು ಕಕ್ಕಿ ಸಾಯುತ್ತದೆ. ಇದು ಮೂಢನಂಬಿಕೆಯಲ್ಲ, ವಿಜ್ಞಾನವೇ ಎಂದು ನಾನೇ ಸರ್ಟಿಫಿಕೇಟು ಕೊಟ್ಟಿದ್ದೆ. ಹೀಗಾಗಿ ಹೆಂಡತಿ ಮತ್ತು ಹೊಗೆಸೊಪ್ಪಿನ ನಡುವೆ ಒಂದನ್ನು ಆರಿಸಿಕೊಳ್ಳಬೇಕಾಗಿ ಬಂದಾಗ ದೊಡ್ಡಪ್ಪ ಬಾಗಿಲ ಹೊರಗಿನ ಜಗಲಿಯನ್ನು ಆರಿಸಿಕೊಂಡಿದ್ದರು. ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ತಂದು ಬಾಗಿಲಲ್ಲಿ ಇಳಿಸುವುದಷ್ಟೇ ಅವರ ಕೆಲಸ.

ಆ ದಿನಗಳಲ್ಲಿ ಸರ್ಕಾರಿ ಚಾನೆಲ್ಲಿನಲ್ಲಿ ಭಾನುವಾರ ಬೆಳಿಗ್ಗೆ ಕೊರಿಯಾ ದೇಶದ ಹಳೇ ಕಾಲದ ಅರಮನೆಯ ಕಥೆಯೊಂದು ಹಿಂದಿಯಲ್ಲಿ ಬರುತ್ತಿತ್ತು, ರಜೆಯ ದಿನ ನಾನು ಹೋದಾಗೆಲ್ಲ ದೊಡ್ಡಮ್ಮನ ಜೊತೆ ಕೂತು ನೋಡುತ್ತಿದ್ದೆ. ದೊಡ್ಡಮ್ಮನಿಗೆ ಕನ್ನಡ ಬರುತ್ತದೆ, ತೆಲುಗು ಬರುತ್ತದೆ, ಎರಡನ್ನೂ ಒಂದೇ ವಾಕ್ಯದಲ್ಲಿ ಕಲಸಿ ಬಡಿಸಲು ಬರುತ್ತದೆ. ಹಿಂದಿ ಮಾತ್ರ ಒಂದಕ್ಷರ ಬಾರದು. ಆದರೆ ಅದೇನು ದೊಡ್ಡ ತೊಡಕಾಗಲಿಲ್ಲ, ಏಕೆಂದರೆ ಹುಳುಗಳಿಗೆ ಗದ್ದಲ ಆಗದು ಎಂದು ಅವಳು ಟೀವಿಯ ಧ್ವನಿಯನ್ನೇ ಪೂರ್ತಿ ಇಳಿಸಿಬಿಡುತ್ತಿದ್ದಳು. ಪರದೆಯ ಮೇಲೆ ಜರಡಿಯಂಥ ಟೋಪಿ ಹಾಕಿದ ಗಂಡಸರು ಬಾಯಿ ಆಡಿಸುತ್ತಿದ್ದರು. ಪಕ್ಕದ ಕೋಣೆಯಿಂದ ಹುಳುಗಳು ಸೊಪ್ಪು ಮೇಯುವ ಸರಸರ ಸದ್ದು ಬರುತ್ತಿತ್ತು. ಆ ಮೂಕ ಬಾಯಿಗಳಿಂದಲೇ ಆ ಸರಸರ ಹೊರಡುತ್ತಿದೆ ಎನ್ನಿಸಿ ಬೆಳಿಗ್ಗೆ ಹತ್ತು ಗಂಟೆಗೇ ನನ್ನ ಕೈಮೇಲಿನ ರೋಮ ಎದ್ದು ನಿಲ್ಲುತ್ತಿತ್ತು.

ಮಾತುಗಳನ್ನು ದೊಡ್ಡಮ್ಮನೇ ಹೇಳುತ್ತಿದ್ದಳು. ರಾಜನಿಗೊಂದು ದನಿ, ರಾಣಿಗೊಂದು ದನಿ. ರಾಣಿ ಚಿಂತಾಮಣಿ ಸಂತೆಯಲ್ಲಿ ಟೊಮೆಟೊ ಮಾರುವವಳ ಹಾಗೆ ತೆಲುಗಿನಲ್ಲಿ ಜಗಳವಾಡುತ್ತಿದ್ದಳು. ಬಟ್ಟೆಗಳ ಮೇಲಂತೂ ದೊಡ್ಡಮ್ಮನ ಕಣ್ಣು ಹದ್ದಿನದು. ಅದು ನಮ್ಮ ಕಡೆಯ ಹಳದಿ ಗೂಡಿನ ನೂಲಲ್ಲ, ಬಿಳಿ ಗೂಡಿನದು ಎಂದು ಕೂತಲ್ಲೇ ಹೇಳುತ್ತಿದ್ದಳು. ಒಮ್ಮೆ ರಾಣಿಯ ಉದ್ದ ಲಂಗವನ್ನು ನೋಡುತ್ತಾ ಇದ್ದಕ್ಕಿದ್ದಂತೆ ದನಿ ತಗ್ಗಿಸಿದಳು. “ಅಷ್ಟು ಬಟ್ಟೆಗೆ ಎಷ್ಟು ಜೀವ ಬೇಯಿಸಿರ್ತಾರೆ ಹೇಳು. ಅದನ್ನೆಲ್ಲ ಮೈಮೇಲೆ ಹೊತ್ಕೊಂಡು ಓಡಾಡ್ತಾರೆ. ಅದ್ಕೇ ಆ ಅರಮನೇಲಿ ಒಬ್ರಿಗೂ ನೆಮ್ಮದಿ ಇಲ್ಲ.” ಹಾಗಾದರೆ ನಿನ್ನ ಮೇಲೆ ಎಷ್ಟು ಜೀವ ಇದೆ ದೊಡ್ಡಮ್ಮ ಎಂದು ನಾನು ತಮಾಷೆಗೆ ಕೇಳಿದೆ. ಅವಳು ತಮಾಷೆಯಲ್ಲದ ಮುಖದಲ್ಲಿ ಕೋಣೆಯ ಕಡೆ ನೋಡಿ, ಅವಕ್ಕೇ ಗೊತ್ತು, ಅವು ಲೆಕ್ಕ ಇಟ್ಟಿರುತ್ತವೆ ಎಂದಳು. ನಾನು ಕಾಫಿ ಲೋಟ ಹಿಡಿದು ಜಗಲಿಗೆ ಎದ್ದುಹೋದೆ.

ಇನ್ನು ಸಾವಿನ ವಿಷಯ. ಪರದೆಯ ಮೇಲೆ ಯಾರಾದರೂ ನಗುನಗುತ್ತಾ ಬಂದು ನಿಂತರೆ ದೊಡ್ಡಮ್ಮ ಕಣ್ಣು ಕಿರಿದು ಮಾಡಿ ನೋಡಿ “ಕಳ ಪೋಯಿಂದಿ” ಎನ್ನುತ್ತಿದ್ದಳು. ಮುಖದ ಕಳೆ ಹೋಯಿತು ಎಂದರ್ಥ. ಮುಂದಿನ ಭಾನುವಾರ ಆ ಮನುಷ್ಯ ಇರುತ್ತಿರಲಿಲ್ಲ! ಮಂತ್ರಿಯೊಬ್ಬ, ಕುದುರೆ ನೋಡಿಕೊಳ್ಳುವವನೊಬ್ಬ, ರಾಜನ ಅಜ್ಜಿ, ಹೀಗೆ ಸಾಲಾಗಿ ಹೋದರು. ಪಕ್ಕದ ಮನೆಯವರು ಮಗುವಿಗೆ ಜ್ವರ ಬಂದಾಗ ಎತ್ತಿಕೊಂಡು ಬಂದು ಇವಳ ಮುಂದೆ ನಿಂತು ಮುಖ ನೋಡಿ ಹೇಳು ಎನ್ನತೊಡಗಿದ ಮೇಲೆ ದೊಡ್ಡಪ್ಪನೇ ಗದರಿಸಿ ಆ ಪದ್ಧತಿ ನಿಲ್ಲಿಸಿದರಂತೆ.

ಒಂದು ಭಾನುವಾರ ಅರ್ಧ ಕಥೆಯಲ್ಲಿ ಕರೆಂಟು ಹೋಯಿತು. ಎದ್ದು ಒಲೆ ಹಚ್ಚುವುದು ಬಿಟ್ಟು ದೊಡ್ಡಮ್ಮ ಕಪ್ಪು ಪರದೆಯನ್ನೇ ನೋಡುತ್ತಾ ಕಥೆ ಮುಂದುವರಿಸಿದಳು. ರಾಣಿಯ ಬಟ್ಟೆ ಹೊಲಿಯುವ ಹುಡುಗಿ ಪೆಟ್ಟಿಗೆ ತೆಗೆದಳಂತೆ. ಒಬ್ಬ ಮುದುಕಿ ರಾಣಿಯ ಬಟ್ಟೆಯೊಳಗೆ ಮಾಟದ ಚೀಟಿ ಇಟ್ಟು ಹೊಲಿದು, ಅದನ್ನು ಈ ಹುಡುಗಿಯ ತಲೆಗೆ ಕಟ್ಟುತ್ತಾಳಂತೆ. ಆ ಮುದುಕಿಗೆ ಎಡಗೈಯಲ್ಲಿ ಒಂದು ಬೆರಳಿಲ್ಲವಂತೆ. ನಾನು ಮನಸ್ಸಿನಲ್ಲೇ ನಕ್ಕು, ಚಿಕ್ಕಬಳ್ಳಾಪುರಕ್ಕೆ ಮರಳಿದೆ. ಮಾರನೆಯ ದಿನ ಸ್ಟಾಫ್ ರೂಮಿನಲ್ಲಿ ಅದೇ ಧಾರಾವಾಹಿ ನೋಡುವ ಹಿಂದಿ ಮೇಷ್ಟ್ರನ್ನು ಕೇಳಿದೆ. ಅವರು ಮಾಟದ ಚೀಟಿಯ ಕಥೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. ಇರಲಿ, ಅರಮನೆಯ ಕಥೆಗಳೆಲ್ಲ ಒಂದೇ ಥರ ಎಂದು ಸಮಾಧಾನ ಮಾಡಿಕೊಂಡೆ. ಹೊರಡುವಾಗ ಅವರು, “ಆ ಮುದುಕಿಗೆ ಒಂದು ಬೆರಳೇ ಇಲ್ಲ ಅಂತ ನಿನ್ನೆ ತಾನೆ ತೋರಿಸಿದ್ರು ನೋಡಿ ಮೇಡಂ” ಎಂದರು. ಆ ದಿನ ನಾನು ಎಂಟನೇ ತರಗತಿಗೆ ಗುರುತ್ವಾಕರ್ಷಣೆಯನ್ನು ಬಹಳ ಅಧೈರ್ಯದಿಂದ ಹೇಳಿಕೊಟ್ಟೆ.

ಬಟ್ಟೆ ಹೊಲಿಯುವ ಆ ಹುಡುಗಿಯ ಮೇಲೆ ದೊಡ್ಡಮ್ಮನಿಗೆ ವಿಪರೀತ ಮೋಹ. ಅವಳ ಮುಖ ಬಂದರೆ ಮಾತ್ರ ಕಳೆಯ ವಿಚಾರ ಎತ್ತುತ್ತಿರಲಿಲ್ಲ. ನಾನೇ ಕೆಣಕಿ ಕೇಳಿದರೂ ಬೇರೆ ಕಡೆ ನೋಡುತ್ತಿದ್ದಳು.

ದಸರಾ ರಜೆಗೆ ನಾನು ಹೋದಾಗ ಹುಳುಗಳಿಗೆ ನಾಲ್ಕನೇ ಜ್ವರ ಕಳೆದಿತ್ತು. ಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದ ಮೇಲೆ ಒಂದು ವಾರ ಅವಕ್ಕೆ ರಾಕ್ಷಸ ಹಸಿವು. ಹೊತ್ತು ಹೊತ್ತಿಗೆ ಸೊಪ್ಪು ಬೀಳದಿದ್ದರೆ ಇಡೀ ಬೆಳೆ ಕೈಬಿಟ್ಟಂತೆಯೇ. ಸರಿಯಾಗಿ ಆ ವಾರದ ಭಾನುವಾರ, ಮಾಟದ ಅಪವಾದ ಹೊತ್ತ ಆ ಹೊಲಿಗೆಯ ಹುಡುಗಿಗೆ ಬಿಳಿ ಬಟ್ಟೆ ಉಡಿಸಿ, ಚಾಪೆಯ ಮೇಲೆ ಕೂರಿಸಿ ಬಟ್ಟಲಲ್ಲಿ ವಿಷ ಕೊಟ್ಟರು. ಅವಳು ಅರಮನೆಯ ಕಡೆ ತಿರುಗಿ ಒಮ್ಮೆ ನಮಸ್ಕಾರ ಮಾಡಿ ಕುಡಿದುಬಿಟ್ಟಳು. ದೊಡ್ಡಮ್ಮ ಆ ಹೊತ್ತು ಯಾರ ಮಾತನ್ನೂ ಹೇಳಲಿಲ್ಲ. ಪಕ್ಕದ ಕೋಣೆಯ ಸರಸರವೂ ನಿಂತಿತ್ತು. ಹುಳುಗಳೆಲ್ಲ ಒಟ್ಟಿಗೆ ತಲೆಯೆತ್ತಿ ಕೇಳಿಸಿಕೊಳ್ಳುತ್ತಿವೆಯೇನೋ ಎಂಬಷ್ಟು ನಿಶ್ಶಬ್ದ. ಸೊಪ್ಪು ಮುಗಿದಿರಬೇಕು, ಅಷ್ಟೇ.

ದೊಡ್ಡಮ್ಮ ಎದ್ದು ಟೀವಿ ಆರಿಸಿ, ಬಚ್ಚಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ಬಂದು ಜಗಲಿಯ ಮೂಲೆಯಲ್ಲಿ ಕೂತಳು. ನನಗೆ ಸೂತಕ, ಹುಳದ ಮನೆಗೆ ಬರುವ ಹಾಗಿಲ್ಲ ಎಂದು ತಣ್ಣಗೆ ಹೇಳಿದಳು.

“ಯಾರ ಸೂತಕ ದೊಡ್ಡಮ್ಮ?”

“ಅವ್ಳದ್ದು. ಮದುವೆ ಮಾಡಿ ಕೊಟ್ಟ ಹೆಣ್ಣಲ್ವಾ, ಮೂರು ದಿನ ಸಾಕು.”

ಕೊರಿಯಾದಲ್ಲಿ ಸತ್ತ ಸುಳ್ಳು ಹುಡುಗಿಗೆ ಕೆಂಚಾರ್ಲಹಳ್ಳಿಯಲ್ಲಿ ಸೂತಕ! ಅದರಲ್ಲೂ ಗೋತ್ರ ಗೊತ್ತಿಲ್ಲದಿದ್ದರೂ ದಿನದ ಲೆಕ್ಕ ಮಾತ್ರ ಪಕ್ಕಾ! ಅದು ನಾಟಕ, ಆ ಹುಡುಗಿ ವಿಷವನ್ನು ಉಗುಳಿ ಸಂಬಳ ತೆಗೆದುಕೊಂಡು ಮನೆಗೆ ಹೋಗಿರುತ್ತಾಳೆ ಎಂದು ನಾನು ಅರ್ಧ ಗಂಟೆ ಪಾಠ ಮಾಡಿದೆ. ಗೊತ್ತು ಕಣೇ ಎಂದಳು. ಗೊತ್ತಿದ್ದೂ ಎದ್ದೇಳಲಿಲ್ಲ. ದೊಡ್ಡಪ್ಪ ಬಯ್ಯುತ್ತಾರೆ ಎಂದುಕೊಂಡೆ. ಅವರು ಸೊಪ್ಪಿನ ಹೊರೆ ಇಳಿಸಿ, ಅವಳ ಒದ್ದೆ ತಲೆಯನ್ನು ನೋಡಿ, ಹಾಗೇ ತೋಟದ ದಾರಿ ಹಿಡಿದರು. ಉಳಿದವಳು ನಾನೊಬ್ಬಳೇ. ಬೆಳೆ ಉಳಿಸುವ ಭಾರ ವಿಜ್ಞಾನದ ಹೆಗಲ ಮೇಲೆ ಬಿತ್ತು.

ಆ ಕೋಣೆಯಲ್ಲಿ ಒಬ್ಬರೇ ನಿಂತು ನೋಡಿದವರಿಗೇ ಅದರ ಭಯ ಗೊತ್ತು. ಅಟ್ಟಣೆಯಲ್ಲಿ ಒಂದರ ಮೇಲೊಂದು ದುಂಡನೆಯ ಬಿದಿರು ತಟ್ಟೆಗಳು, ಅವುಗಳ ತುಂಬ ಬಿಳಿಚಿದ ಬೆರಳುಗಳಂತೆ ಹೊರಳುವ ತಣ್ಣನೆಯ ಮೈಗಳು. ನಾನು ಸೊಪ್ಪು ಹರಡಿದೊಡನೆ ಮೊದಲ ತಟ್ಟೆಯಿಂದ ಸದ್ದು ಶುರುವಾಗಿ ಬೆನ್ನ ಹಿಂದೆ, ತಲೆಯ ಮೇಲೆ, ಎಲ್ಲ ಕಡೆ ಏರುತ್ತಿತ್ತು. ಎರಡನೇ ದಿನ ಮಧ್ಯಾಹ್ನ ಹೊರಗೆ ಬಿಸಿಲು ರಣಗುಟ್ಟುತ್ತಿತ್ತು. ಬಾಗಿಲ ಕಡೆಯಿಂದ ಒಂದೊಂದೇ ತಟ್ಟೆಗೆ ಹಾಕುತ್ತಾ ಕಡೆಯ ಮೂಲೆಗೆ ಬಂದೆ. ಅಲ್ಲಿನ ತಟ್ಟೆಯಲ್ಲಿ ಆಗಲೇ ಹಸಿ ಸೊಪ್ಪು ಹರಡಿತ್ತು. ನಾನು ಹಾಕುವ ಹಾಗೆ ಒಡ್ಡೊಡ್ಡಾಗಿ ಅಲ್ಲ, ಎಲೆಯ ಮೇಲೆ ಎಲೆ ಕೂರದಂತೆ ಒಪ್ಪವಾಗಿ. ಬುಟ್ಟಿಯನ್ನು ಅಲ್ಲೇ ಬಿಟ್ಟು ಜಗಲಿಗೆ ಬಂದೆ. ಓಡಿಬಂದೆ ಎಂದು ಬರೆಯಲು ಒಬ್ಬ ವಿಜ್ಞಾನದ ಟೀಚರಿಗೆ ಸಂಕೋಚವಿರುತ್ತದೆ.

ದೊಡ್ಡಮ್ಮ ಕೂತಲ್ಲೇ ಕೂತಿದ್ದಳು. ಪಕ್ಕದಲ್ಲಿ ಖಾಲಿ ಜಾಗಕ್ಕೆ ಮುಖ ಮಾಡಿ ಏನೋ ಹೇಳುತ್ತಿದ್ದವಳು ನನ್ನನ್ನು ಕಂಡು ನಿಲ್ಲಿಸಿದಳು. ನೀನು ಒಳಗೆ ಬಂದಿದ್ದೆಯಾ ಎಂದು ಕೇಳಿದೆ. ಸೂತಕದವಳು ಹೇಗೆ ಬರಲಿ ಎಂದಳು. ಮೂಲೆಯ ತಟ್ಟೆಯ ಕಥೆ ಹೇಳಿದೆ. ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ನೀನೇ ಹಾಕಿ ಮರೆತಿರುತ್ತೀಯ ಎನ್ನಬಹುದಿತ್ತು, ಅದನ್ನೂ ಅನ್ನಲಿಲ್ಲ. ಅಂದಿದ್ದರೆ ನಾನು ಎಷ್ಟು ಸಂತೋಷದಿಂದ ಒಪ್ಪಿಕೊಳ್ಳುತ್ತಿದ್ದೆ!

“ನಿಮ್ಮ ಚಿಕ್ಕಮ್ಮ ಹಾಗೇ ಹಾಕ್ತಿದ್ಲು, ಎಲೆ ಮೇಲೆ ಎಲೆ ಬೀಳದ ಹಾಗೆ” ಎಂದಳು. “ತಂಗಿ ಸತ್ರೆ ಅಕ್ಕಂಗೆ ಮೂರು ದಿನ ಅಂತೆ. ನನಗೆ ಒಂದು ದಿನಾನೂ ಸಿಗಲಿಲ್ಲ.”

ಈಗ ನನಗೆ ಬೇರೆಯದೇ ಭಯ ಹತ್ತಿತು. ದೊಡ್ಡಮ್ಮನ ಕೊನೆಯ ತಂಗಿಯನ್ನು ಗೌರಿಬಿದನೂರಿನ ಕಡೆ ಕೊಟ್ಟಿತ್ತು. ಮೊದಲ ಹೆರಿಗೆಯಲ್ಲಿ ತೀರಿಕೊಂಡಳು. ನನಗಾಗ ಹತ್ತು ವರ್ಷ, ದೊಡ್ಡಮ್ಮನ ಮನೆಯಲ್ಲೇ ಇದ್ದುಕೊಂಡು ಶಾಲೆಗೆ ಹೋಗುತ್ತಿದ್ದೆ. ಆಗಲೂ ಹುಳು ಇದೇ ಹಂತದಲ್ಲಿದ್ದವು. ಸೈಕಲ್ಲಿನಲ್ಲಿ ಬಂದವನೊಬ್ಬ ಅಂಗಳದಲ್ಲೇ ದೊಡ್ಡಪ್ಪನಿಗೆ ಸುದ್ದಿ ಮುಟ್ಟಿಸಿ ಹೋದ. ಹೇಳಿದರೆ ಅವಳು ಹುಳದ ಮನೆ ಬಿಟ್ಟು ಹೊರಡುತ್ತಾಳೆ, ಬೆಳೆ ಹೋಗುತ್ತದೆ, ಗೂಡು ಕಟ್ಟುವವರೆಗೆ ಸುಮ್ಮನಿರೋಣ ಎಂದು ಹಿರಿಯರು ತೀರ್ಮಾನಿಸಿದರು. ಗೂಡು ಬಿಡಿಸಿದ ಮೇಲೆ ಅವಳಿಗೆ ತಿಳಿದಾಗ ಎಲ್ಲವೂ ಮುಗಿದಿತ್ತು. ಒಂದು ಬಿಂದಿಗೆ ತಣ್ಣೀರು ಸುರಿದು, ಸೂತಕ ಕಳೆಯಿತು ಎಂದುಬಿಟ್ಟರು. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಮೂವರ ನಡುವೆಯೇ ಉಳಿದು, ದೊಡ್ಡಮ್ಮ ಮರೆತಿರಬಹುದೆಂದು ನಾನು ನಂಬಿಕೊಂಡಿದ್ದ ಇನ್ನೊಂದು ವಿಷಯವೂ ಇತ್ತು. ಬಂದವನು ಯಾರು, ಏನಂದ ಎಂದು ದೊಡ್ಡಮ್ಮ ಕೋಣೆಯ ಬಾಗಿಲಿಂದಲೇ ನನ್ನನ್ನು ಕೇಳಿದ್ದಳು. ಚಿಕ್ಕಮ್ಮ ಚೆನ್ನಾಗಿದ್ದಾಳಂತೆ ಎಂದು ನಾನು ಹೇಳಿದ್ದೆ. ದೊಡ್ಡಪ್ಪ ಹೇಳಿಕೊಟ್ಟಿದ್ದನ್ನು ಒಂದಕ್ಷರವೂ ತಪ್ಪಿರಲಿಲ್ಲ. ನಾನು ಆಗಲೂ ಒಳ್ಳೆಯ ವಿದ್ಯಾರ್ಥಿನಿಯೇ.

ಮೂರನೇ ದಿನ ಬೆಳಿಗ್ಗೆ ಸೊಪ್ಪು ಹಾಕಿ ಬಂದು ಅವಳ ಎದುರು ಕೂತೆ. ಅಂದು ಸಂಜೆ ತಲೆಗೆ ನೀರು ಹಾಕಿಕೊಂಡರೆ ಸೂತಕ ಮುಗಿಯುತ್ತದೆ, ಮತ್ತೆ ಹುಳದ ಮನೆ ಅವಳದೇ. ನಾನು ಏನಾದರೂ ಹೇಳಬೇಕಿತ್ತು. ಬಾಯಿ ತೆಗೆದೆ, ಆ ಧಾರಾವಾಹಿಯವರ ಹಾಗೆ ತುಟಿ ಆಡಿತೇ ಹೊರತು ದನಿ ಬರಲಿಲ್ಲ.

“ಗೂಡು ಕಟ್ಟೋವರೆಗೂ ಆ ನಾಲ್ಕು ದಿನ ನಾನು ಹಾಡ್ಕೊಂಡು ಸೊಪ್ಪು ಹಾಕ್ದೆ ಕಣಮ್ಮ” ಎಂದಳು ದೊಡ್ಡಮ್ಮ. “ಕೂಸು ಗಂಡೋ ಹೆಣ್ಣೋ ಹೇಳಲೇ ಇಲ್ಲವಲ್ಲ ಅಂತ ಯೋಚನೆ ಮಾಡ್ಕೊಂಡು. ಕುಲಾವಿ ಬೇರೆ ಹೊಲಿದಿಟ್ಟೆ.”

ನಾನು ಅವಳ ಕಾಲು ಹಿಡಿದುಕೊಂಡೆ. ಅವಳು ಕಾಲು ಎಳೆದುಕೊಳ್ಳಲಿಲ್ಲ, ಬಯ್ಯಲೂ ಇಲ್ಲ. ನನ್ನ ಗಲ್ಲ ಹಿಡಿದು ಮುಖವನ್ನು ಮೇಲಕ್ಕೆತ್ತಿದಳು.

“ನಿಂದೇನೂ ತಪ್ಪಿಲ್ಲ, ಆಗಿನ್ನೂ ಮಗು ನೀನು. ಆದ್ರೆ ಇವತ್ತು ನನಗೆ ಹೇಳು. ಅವತ್ತು ಬಾಗಿಲಲ್ಲಿ ಕೇಳಿದ್ನಲ್ಲ, ಅದಕ್ಕೆ ಸರಿಯಾಗಿ ಹೇಳು. ನನಗೆ ಯಾರೂ ಹೇಳೇ ಇಲ್ಲ ಕಣೇ, ಎಲ್ಲರೂ ಮುಗೀತು ಅಂದ್ರು ಅಷ್ಟೇ.”

ಒಳಗೆ ಹುಳುಗಳು ಮೇಯುತ್ತಿದ್ದವು. ದೊಡ್ಡಪ್ಪ ಸೊಪ್ಪಿನ ಹೊರೆ ಹೊತ್ತುಕೊಂಡೇ ಅಂಗಳದಲ್ಲಿ ನಿಂತುಬಿಟ್ಟಿದ್ದರು. ದೊಡ್ಡಮ್ಮ ಕಾಯುತ್ತಿದ್ದಳು, ಏನೂ ಗೊತ್ತಿಲ್ಲದವಳ ಹಾಗೆ, ಕಣ್ಣಿನಲ್ಲಿ ಇಷ್ಟು ಆಸೆ ಇಟ್ಟುಕೊಂಡು.

“ದೊಡ್ಡಮ್ಮ,” ಎಂದೆ. “ಗೌರಿಬಿದನೂರಿಂದ ಸುದ್ದಿ ಬಂದಿದೆ. ಚಿಕ್ಕಮ್ಮ ಹೋಗ್ಬಿಟ್ಲಂತೆ.”

ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನನ್ನನ್ನೇ ನೋಡಿದಳು. ಆಮೇಲೆ, ಆಗತಾನೇ ಸುದ್ದಿ ಕೇಳಿದವರು ಅಳುವ ಹಾಗೆ, ತಂಗಿಯ ಹೆಸರು ಹಿಡಿದು ಗಟ್ಟಿಯಾಗಿ ಅತ್ತಳು.