ಏಳನೇ ಪ್ರಶ್ನೆಗೆ ಹತ್ತೊಂಬತ್ತು ಉತ್ತರ

ನಮ್ಮ ಸಭೆಯಲ್ಲಿ ಕೈ ಎತ್ತುವವರಿಗೆ ಎಂದೂ ಬರವಿಲ್ಲ. ಪಾದ್ರಿ ಅಯ್ಯನವರು ಪೀಠದಿಂದ "ಯಾರು ಮುಂದೆ ಬರುತ್ತೀರಿ" ಎಂದರೆ ಸಾಕು, ಚರ್ಚಿನೊಳಗೆ ಕೈಗಳ ಕಾಡೇ ಬೆಳೆಯುತ್ತದೆ. ಆರಾಧನೆ ಮುಗಿದು ಬಾಗಿಲು ದಾಟುವಷ್ಟರಲ್ಲಿ ಆ ಕಾಡು ಬಯಲಾಗಿರುತ್ತದೆ. ಸಭೆಯ ಕಾರ್ಯದರ್ಶಿಯಾದ ನನಗೆ ಇದು ಹದಿನಾಲ್ಕು ವರ್ಷದಿಂದ ಗೊತ್ತು. ಆ ಧೈರ್ಯದ ಮೇಲೆಯೇ ನಾನು ಮೊನ್ನೆ ಅವರ ಕೈ ಎತ್ತಿಸಿದ್ದು. ಈ ಸಲ ಎಲ್ಲರೂ ಬಂದುಬಿಟ್ಟರು.

ಮೊದಲು ಮನೆಯ ವಿಚಾರ ಹೇಳಿಬಿಡುತ್ತೇನೆ. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ಬೇರೆಯವರ ತಪ್ಪು ಹುಡುಕಿ ಸಂಬಳ ಪಡೆಯುವ ಪುಣ್ಯವಂತ. (ಮನೆಯಲ್ಲಿ ಅದೇ ಕೆಲಸವನ್ನು ನನ್ನ ಹೆಂಡತಿ ಸಂಬಳವಿಲ್ಲದೆ ಮಾಡುತ್ತಾಳೆ. ಅವಳಿಗೆ ಸಿಗುವ ತಪ್ಪುಗಳೂ ಹೆಚ್ಚು.) ಅವಳು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್. ಊರಿನ ಅರ್ಧ ಜನ ಹುಟ್ಟಿದಾಗ ಮೊದಲು ಕಂಡ ಮುಖ ಅವಳದು. ಒಮ್ಮೆ ಕಾಲು ಹಿಡಿದು ತಲೆಕೆಳಗಾಗಿ ಎತ್ತಿದವಳ ಎದುರು ಯಾರು ತಾನೆ ಬಾಲ ಬಿಚ್ಚಿಯಾರು?

ಕೈ ಎತ್ತಿಸುವುದಕ್ಕೆ ಐದು ವಾರ ಮೊದಲು ಮಕ್ಕಳ ಕಲ್ಯಾಣ ಕಚೇರಿಯವರು ಏಳು ವರ್ಷದ ಹುಡುಗಿಯೊಬ್ಬಳನ್ನು ನಮ್ಮ ಮನೆಗೆ ತಂದುಬಿಟ್ಟರು. ಸಾಕು ಕುಟುಂಬವಾಗಲು ಅರ್ಜಿ ಹಾಕಿದ್ದು ನನ್ನ ಹೆಂಡತಿ, ಸಹಿ ಹಾಕಿದ್ದು ನಾನು. ನಮ್ಮ ಮನೆಯಲ್ಲಿ ಎಲ್ಲ ನಿರ್ಧಾರಗಳೂ ಹೀಗೆ ಇಬ್ಬರೂ ಸೇರಿಯೇ ಆಗುತ್ತವೆ. ಮೊದಲ ಆರು ವಾರ ಪರೀಕ್ಷೆಯ ಕಾಲ. ಆಮೇಲೆ ಅಧಿಕಾರಿಣಿಯೊಬ್ಬರು ಬಂದು ಮನೆ ನೋಡಿ, ಹುಡುಗಿ ಇಲ್ಲೇ ಇರಬೇಕೋ ಇಲ್ಲಾ ದೂರದ ಊರಿನ ಅನಾಥಾಲಯಕ್ಕೆ ಹೋಗಬೇಕೋ ಎಂದು ತೀರ್ಮಾನಿಸುತ್ತಾರೆ.

ಹುಡುಗಿ ಬಂದ ಮೂರನೇ ದಿನ ನನ್ನ ಬೂಟಿನೊಳಗೆ ಒಂದು ತುಂಡು ಬ್ರೆಡ್ ಸಿಕ್ಕಿತು. ನಾಲ್ಕನೇ ದಿನ ದಿಂಬಿನ ಚೀಲದಲ್ಲಿ ಎರಡು. ನಾಳೆ ಊಟ ಇರುತ್ತದೋ ಇಲ್ಲವೋ ಎಂದು ಬಹಳ ದಿನ ಕಾದವಳು ಎಂದು ಕಚೇರಿಯವರು ಹೇಳಿದ್ದರು. ನನ್ನ ಹೆಂಡತಿ ಬೈಯಲಿಲ್ಲ. ಬಿಸ್ಕತ್ತಿನ ಹಳೇ ತಗಡಿನ ಡಬ್ಬವೊಂದನ್ನು ತೊಳೆದು, ಅವಳ ಮಂಚದ ಕೆಳಗಿಟ್ಟು, "ಇದು ನಿಂದು. ಎಷ್ಟು ಬೇಕೋ ಇಟ್ಕೋ, ಯಾರೂ ಮುಟ್ಟಲ್ಲ" ಎಂದಳು. ದಿನಾ ಹುಡುಗಿ ಶಾಲೆಗೆ ಹೋದ ಮೇಲೆ ಹಳಸಿದ್ದನ್ನು ತೆಗೆದು ಅಷ್ಟೇ ತುಂಡು ಹೊಸದನ್ನು ಇಡುತ್ತಾಳೆ, ಎಣಿಸಿ. ನಾವು ಅವಳನ್ನು ಇರುವೆ ಎಂದು ಕರೆಯುತ್ತೇವೆ. ಅವಳು ನನ್ನ ಹೆಂಡತಿಯನ್ನು ದೊಡ್ಡಮ್ಮ ಎನ್ನುತ್ತಾಳೆ. ನನ್ನನ್ನು "ರೀ" ಎನ್ನುತ್ತಾಳೆ. ಈ ಮನೆಯಲ್ಲಿ ನನ್ನನ್ನು ಯಾರಾದರೂ ಕರೆಯುವುದನ್ನು ಅವಳು ಕೇಳಿದ್ದು ಅದೊಂದೇ ಹೆಸರಿನಿಂದ. ಅದೇ ನನ್ನ ನಾಮಧೇಯ ಎಂದುಕೊಂಡಿದ್ದಾಳೆ. "ರೀ, ಹಾಲು ಉಕ್ತಿದೆ" ಎಂದು ಏಳು ವರ್ಷದವಳು ಕೂಗಿದಾಗ ನಾನು ಎದ್ದು ಓಡುತ್ತೇನೆ. ಅಭ್ಯಾಸಬಲ.

ಅಧಿಕಾರಿಣಿ ಶನಿವಾರ ಹನ್ನೊಂದಕ್ಕೆ ಬರುತ್ತಾರೆಂದು ಪತ್ರ ಬಂತು. ಜೊತೆಗೊಂದು ನಮೂನೆ. ಅದರ ಏಳನೇ ಪ್ರಶ್ನೆ: "ಕುಟುಂಬಕ್ಕೆ ನೆರೆಹೊರೆಯ ಅಥವಾ ಸಮುದಾಯದ ಬೆಂಬಲ ಇದೆಯೇ? ವಿವರಿಸಿ."

"ಗಂಟೆ ಅಜ್ಜಿ ಬರ್ತಾರಲ್ಲ, ಅದನ್ನ ಬರೀರಿ" ಎಂದಳು ಹೆಂಡತಿ.

ಗಂಟೆ ಅಜ್ಜಿ ಎಂದರೆ ನಮ್ಮ ಚರ್ಚಿನ ಗಂಟೆ ಬಾರಿಸುವ ಮುದುಕಿ. ದಿನ ಬಿಟ್ಟು ದಿನ ಮೂರು ಗಂಟೆಗೆ ಬರುತ್ತಾಳೆ, ಬಕೆಟ್ಟಿನಲ್ಲಿದ್ದ ಬಟ್ಟೆ ಒಗೆಯುತ್ತಾಳೆ, ಇರುವೆಯ ಪಕ್ಕ ಸುಮ್ಮನೆ ಕೂತು ಗುಂಡಿ ಹೊಲಿಯುತ್ತಾಳೆ. ಅಷ್ಟು ಹೊತ್ತು ಡ್ಯೂಟಿ ಮುಗಿಸಿ ಬಂದ ನನ್ನ ಹೆಂಡತಿ ನಿದ್ದೆ ಮಾಡುತ್ತಾಳೆ. ಅಜ್ಜಿ ಚರ್ಚಿನಲ್ಲಿ ಒಮ್ಮೆಯೂ ಕೈ ಎತ್ತಿದ್ದನ್ನು ನಾನು ಕಂಡಿಲ್ಲ. ಹಗ್ಗ ಎಳೆದು ಎಳೆದು ಅವಳ ತೋಳು ಮೇಲೇಳುವುದಿಲ್ಲ.

"ಒಬ್ಬ ಮುದುಕಿಯನ್ನ ಸಮುದಾಯ ಅಂತ ಹೇಗೆ ಬರೀಲಿ? ಇಡೀ ಸಭೆ ಇದೆ ನಮ್ಮ ಬೆನ್ನಿಗೆ" ಎಂದೆ.

"ಬೆನ್ನಿಗೇ ಇರ್ಲಿ. ಮನೆಯೊಳಗೆ ಕರ್ಕೊಂಡು ಬರಬೇಡಿ."

"ನಿಂಗೆ ಆಡಳಿತ ತಿಳಿಯಲ್ಲ."

"ನಂಗೆ ನೀವು ತಿಳೀತೀರಿ. ಅಷ್ಟು ಸಾಕು."

ಭಾನುವಾರ ಅಯ್ಯನವರು ನನ್ನ ಕೋರಿಕೆಯ ಮೇರೆಗೆ ದಿಕ್ಕಿಲ್ಲದ ಮಕ್ಕಳ ಬಗ್ಗೆ ಮನಮುಟ್ಟುವಂತೆ ಬೋಧಿಸಿದರು. (ಬೋಧನೆಯಲ್ಲಿ ನನ್ನ ಹೆಸರು ಬರಲಿಲ್ಲ. "ನಮ್ಮ ಸಭೆಯ ಒಬ್ಬ ಸಹೋದರರು" ಎಂದರು. ಯಾರಿಗೂ ಸಂಶಯ ಬರದಿರಲೆಂದು ನಾನು ಎದ್ದು ನಿಂತೆ.) ಹತ್ತೊಂಬತ್ತು ಕುಟುಂಬಗಳು ಕೈ ಎತ್ತಿದವು. ಬಿಸಿ ಆರುವ ಮೊದಲೇ ಹೆಸರು ಬರೆಸಿಕೊಳ್ಳೋಣವೆಂದು ಕಪಾಟಿನಿಂದ ಒಂದು ಖಾಲಿ ಪಟ್ಟಿ ಎಳೆದು ಬಾಗಿಲಲ್ಲಿ ಕೂತೆ. ಅದು ಚರ್ಚು ಗುಡಿಸುವ, ಬೆಂಚು ಒರೆಸುವ ಸರದಿಯ ಪಟ್ಟಿ. ನಮ್ಮ ಅಚ್ಚುಕೂಟದಲ್ಲೇ ಮುದ್ರಿಸಿದ್ದು, ನಾನೇ ಕರಡು ತಿದ್ದಿದ್ದು. ಹೆಸರಿಗೊಂದು ಕಾಲಂ, ಕೆಲಸಕ್ಕೊಂದು ಕಾಲಂ, ತಾರೀಖಿಗೊಂದು ಕಾಲಂ. ಕೆಲಸದ ಕಾಲಂನಲ್ಲಿ "ಕಾರ್ಯದರ್ಶಿಯ ಮನೆಗೆ ನೆರವು" ಎಂದು ಬರೆದೆ. ಯಾರಿಗೆ ಯಾವ ದಿನ ಅನುಕೂಲವೋ ಆಮೇಲೆ ಕೇಳಿ ತುಂಬಿಸೋಣ ಎಂದು ತಾರೀಖಿನ ಕಾಲಂ ಖಾಲಿ ಬಿಟ್ಟು, ಪಟ್ಟಿಯನ್ನು ಫಲಕಕ್ಕೆ ಅಂಟಿಸಿ ಮನೆಗೆ ಬಂದೆ. ಆ ಆಮೇಲೆ ಎಂಬುದು ಬರಲೇ ಇಲ್ಲ.

ಪಟ್ಟಿಯ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ ಇದ್ದದ್ದು ಇದು: "ಪ್ರತಿಯೊಬ್ಬರೂ ಶನಿವಾರ ಬೆಳಗ್ಗೆ ಹತ್ತಕ್ಕೆ ಸರಿಯಾಗಿ ಹಾಜರಿರತಕ್ಕದ್ದು." ಚರ್ಚು ಗುಡಿಸುವುದು ಶನಿವಾರ. ನಲವತ್ತು ವರ್ಷದಿಂದ ಶನಿವಾರವೇ. ಆ ಸಾಲು ನನ್ನ ಕಣ್ಣಿಗೆ ಗೋಡೆಯ ಬಣ್ಣದಂತೆ ಕಾಣದೇ ಹೋಗಿತ್ತು.

ಚರ್ಚು ಗುಡಿಸಲು ನಲವತ್ತು ವರ್ಷದಲ್ಲಿ ಒಮ್ಮೆಯೂ ಹತ್ತಕ್ಕೆ ಬಾರದ ಜನ ಆ ಶನಿವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ನಮ್ಮ ಗೇಟಿನಲ್ಲಿದ್ದರು. ಹತ್ತೊಂಬತ್ತು ಕುಟುಂಬ, ನಲವತ್ತೊಂದು ತಲೆ. ಹನ್ನೊಂದು ಮನೆಯವರು ಬ್ರೆಡ್ ತಂದಿದ್ದರು. ಏಳು ಗೊಂಬೆ ಕರಡಿಗಳು ಬಂದವು, ಅದರಲ್ಲಿ ಕಣ್ಣಿದ್ದವು ಮೂರು. ಹಳೇ ಬಟ್ಟೆಯ ಗಂಟುಗಳಲ್ಲಿ ಒಂದು ನಿಲುವಂಗಿ ಇತ್ತು, ಅದರೊಳಗೆ ಇರುವೆಯಂಥವರು ನಾಲ್ವರು ಸಂಸಾರ ಹೂಡಬಹುದು. ಕೊಡುವ ಕೈ ದೊಡ್ಡದು ಎನ್ನುತ್ತಾರೆ. ಕೊಟ್ಟ ತೋಳಂತೂ ಬಹಳ ದೊಡ್ಡದು. ಉಪಯೋಗಕ್ಕೆ ಬರುವಂಥದ್ದು ತಂದವನು ಬಡಗಿ ಒಬ್ಬನೇ, ಅದೂ ಹುಡುಗಿ ಬಂದ ಮರುದಿನವೇ, ಪಟ್ಟಿ ಗಿಟ್ಟಿ ಇಲ್ಲದೆ: ಇರುವೆಗೊಂದು ಮಂಚ. ಅವನು ಶವಪೆಟ್ಟಿಗೆ ಮಾಡುವವನಾದ್ದರಿಂದ ಮಂಚಕ್ಕೆ ಸ್ವಲ್ಪ ಕಸುಬಿನ ಛಾಯೆ ಬಂದಿತ್ತು. ತಗ್ಗಾಗಿ, ಗಟ್ಟಿಯಾಗಿ, ಸಕಲ ಅಲಂಕಾರಗಳೊಂದಿಗೆ. ಮುಚ್ಚಳ ಮಾತ್ರ ಇರಲಿಲ್ಲ.

"ರೀ" ಎಂದಳು ಹೆಂಡತಿ, ಅಡುಗೆಮನೆಯಲ್ಲಿ ಬ್ರೆಡ್ಡಿನ ಗೋಡೆ ಕಟ್ಟುತ್ತಾ. ಆ ಒಂದಕ್ಷರದಲ್ಲಿ ಅವಳು ಒಂದು ಕಾದಂಬರಿ ಹೇಳಬಲ್ಲಳು.

"ಅಧಿಕಾರಿಣಿ ನೋಡಿ ದಂಗಾಗಿ ಹೋಗ್ತಾರೆ" ಎಂದೆ.

"ಅದ್ರಲ್ಲಿ ಸಂಶಯ ಇಲ್ಲ. ನೀವು ಹೋಗಿ ಮಗು ಕೋಣೆ ಬಾಗಿಲಲ್ಲಿ ನಿಂತ್ಕೊಳ್ಳಿ. ಯಾರನ್ನೂ ಒಳಗೆ ಬಿಡಬೇಡಿ."

ನಾನು ನಿಂತೆ. ನಾಲ್ಕು ನಿಮಿಷ ನಿಂತೆ. ಅಷ್ಟರಲ್ಲಿ ಜಗುಲಿಯಲ್ಲಿ ಹಾಜರಿ ಹಾಕುವವರಿಲ್ಲದೆ ಗೊಂದಲವಾಗುತ್ತಿದೆ ಎಂದು ಯಾರೋ ಕೂಗಿದರು. ಕಾರ್ಯದರ್ಶಿಯ ರಕ್ತ ಕುದಿಯಿತು. ಪಟ್ಟಿ, ಪೆನ್ನು ಹಿಡಿದು ಹೊರಗೆ ಕೂತೆ. ಹದಿನಾರನೇ ಹೆಸರಿಗೆ ಗುರುತು ಹಾಕುತ್ತಿದ್ದಾಗ ಗಾನವೃಂದದ ಅಕ್ಕ ಕಸದ ಮೊರ ಹಿಡಿದು ನನ್ನ ಮುಂದೆ ಹಾದುಹೋದರು.

"ಮಂಚದ ಕೆಳಗೆ ಏನು ಗಲೀಜು ರೀ ಕಾರ್ಯದರ್ಶಿಗಳೇ" ಎಂದರು, ಹಾಡುವ ಸ್ವರದಲ್ಲೇ. "ಡಬ್ಬದ ತುಂಬ ಬ್ರೆಡ್ ಚೂರು. ಕದ್ದು ಇಟ್ಟಿದ್ಲೋ ಏನೋ. ಪೂರ್ತಿ ತೊಟ್ಟಿಗೆ ಸುರಿದೆ. ಅಧಿಕಾರಿಗಳು ನೋಡಿದ್ರೆ ನಿಮ್ಮ ಮರ್ಯಾದೆ ಏನಾಗಬೇಕು?"

"ಮಗು ನೋಡ್ತಾ?" ಎಂದಳು ಹೆಂಡತಿ. ಅವಳು ಯಾವಾಗ ಬಾಗಿಲಿಗೆ ಬಂದಳೋ ತಿಳಿಯಲಿಲ್ಲ.

"ಪಕ್ಕದಲ್ಲೇ ನಿಂತಿದ್ಲು. ಒಂದು ಮಾತೂ ಆಡ್ಲಿಲ್ಲ, ಒಳ್ಳೇ ಹುಡುಗಿ."

ಹೆಂಡತಿ ಅಕ್ಕನನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ನನ್ನನ್ನು ಬೈದದ್ದಕ್ಕೆ ಲೆಕ್ಕವಿಲ್ಲ. ಅವೆಲ್ಲ ಈ ನೋಟದ ಮುಂದೆ ಲಾಲಿ ಹಾಡು.

ಇರುವೆ ಕೋಣೆಯಲ್ಲಿ ಕಾಣಲಿಲ್ಲ. ಹಿತ್ತಲಲ್ಲಿರಲಿಲ್ಲ. ಹತ್ತೂ ನಲವತ್ತಕ್ಕೆ ನಲವತ್ತೊಂದು ಜನ ಪ್ರೀತಿಯಿಂದ ಅವಳನ್ನು ಕೂಗುತ್ತಾ ಮನೆಯೆಲ್ಲ ಓಡಾಡುತ್ತಿದ್ದರು. ಅಷ್ಟು ಪ್ರೀತಿ ಬೆನ್ನಟ್ಟಿದರೆ ನಾನಾದರೂ ಬಚ್ಚಿಟ್ಟುಕೊಳ್ಳುತ್ತಿದ್ದೆ. ಪ್ರಾರ್ಥನಾ ಕೂಟದವರು ನಡುಮನೆಯಲ್ಲಿ ಮೊಣಕಾಲೂರಿ ದಾರಿ ಮುಚ್ಚಿದರು. ಅಯ್ಯನವರು ಕರಡಿಯೊಂದನ್ನು ಅಪ್ಪಿ ಹಿಡಿದು ಕಕ್ಕಾಬಿಕ್ಕಿಯಾಗಿ ನಿಂತಿದ್ದರು.

"ಎಲ್ಲರೂ ಅಂಗಳಕ್ಕೆ" ಎಂದಳು ಹೆಂಡತಿ. "ಪ್ರಾರ್ಥನೆನೂ ಅಂಗಳದಲ್ಲೇ. ದೇವರಿಗೆ ಅಲ್ಲಿಂದಲೂ ಕೇಳುತ್ತೆ."

ಮನೆ ಖಾಲಿಯಾಯಿತು. ನಾನು ಕೋಣೆಗೆ ಹೋಗಿ ನೆಲಕ್ಕೆ ಕೆನ್ನೆ ಇಟ್ಟೆ. ಮಂಚದ ಕೆಳಗೆ, ಗೋಡೆಯ ಮೂಲೆಯಲ್ಲಿ, ಯಾರೋ ತಳ್ಳಿಟ್ಟಿದ್ದ ಬಟ್ಟೆಯ ಗಂಟುಗಳ ಹಿಂದೆ ಎರಡು ಕಣ್ಣು. ಅವಳ ಮಡಿಲಲ್ಲಿ ಖಾಲಿ ಡಬ್ಬ. ಮೊದಲು ತಲೆ ತೂರಿಸಿದೆ, ಆಮೇಲೆ ಭುಜ. ಹೊಟ್ಟೆಯ ಹತ್ತಿರ ಬಡಗಿಯ ಕಸುಬುಗಾರಿಕೆ ನನ್ನನ್ನು ಹಿಡಿದುಕೊಂಡಿತು. ಮುಂದೆ ಹೋಗಲಾರೆ, ಹಿಂದೆ ಬರಲಾರೆ. ಅವನ ಮರದ ಕೆಲಸದಿಂದ ಈವರೆಗೆ ಯಾರೂ ಎದ್ದು ಬಂದ ದಾಖಲೆಯಿಲ್ಲ.

"ಇರುವೆ" ಎಂದೆ. "ತಪ್ಪು ನಂದೇ. ದೊಡ್ಡಮ್ಮ ಬಾಗಿಲಲ್ಲಿ ನಿಲ್ಲು ಅಂದಿದ್ಲು, ನಾನು ನಿಲ್ಲಲಿಲ್ಲ."

ಅವಳು ಡಬ್ಬವನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.

"ಅಡುಗೆಮನೆಯಲ್ಲಿ ಹನ್ನೊಂದು ಬ್ರೆಡ್ ಇದೆ. ಎಲ್ಲಾ ನಿನ್ನ ಡಬ್ಬಕ್ಕೆ."

"ಅದು ಬೇರೆ" ಎಂದಳು. ಆಮೇಲೆ ನನ್ನತ್ತ ಬಗ್ಗಿ, "ರೀ, ನೀವು ಯಾಕೆ ಹಾಗೆ ಉಸಿರು ಬಿಡ್ತಿದೀರಿ?"

"ಸಿಕ್ಕಿಹಾಕ್ಕೊಂಡಿದೀನಿ ಕಣಮ್ಮ."

ಅವಳು ಯೋಚಿಸಿದಳು. ಬಲಗಾಲಿನ ಕಾಲುಚೀಲ ಇಳಿಸಿ, ಅದರೊಳಗಿಂದ ಚಪ್ಪಟೆಯಾದ ಅರ್ಧ ತುಂಡು ಬ್ರೆಡ್ ತೆಗೆದಳು. ಗಾನವೃಂದಕ್ಕೆ ಸಿಗದೆ ಉಳಿದದ್ದು ಅದೊಂದೇ. ಅದನ್ನು ಮತ್ತೆ ಅರ್ಧ ಮುರಿದು ನನ್ನ ಬಾಯಿಗಿಟ್ಟಳು. "ಬೇಗ ಹೊರಗೆ ಬರೋಕಾಗದೆ ಹೋದ್ರೆ ಹಸಿವಾಗುತ್ತೆ" ಎಂದಳು. ಕಾಲುಚೀಲದ ವಾಸನೆಯ ಆ ತುಂಡನ್ನು ನಾನು ನುಂಗಿದೆ. ಪವಿತ್ರ ಭೋಜನದ ರೊಟ್ಟಿಯನ್ನು ಅಷ್ಟು ಭಯಭಕ್ತಿಯಿಂದ ನಾನು ಎಂದೂ ತಿಂದವನಲ್ಲ.

ಆಗ ಹಿಂದಿನಿಂದ ಅಪರಿಚಿತ ಹೆಂಗಸಿನ ದನಿ ಕೇಳಿತು. "ಈ ಕಾಲು ಯಾರದು?"

"ನಮ್ಮ ಮನೆಯವರದು" ಎಂದಳು ನನ್ನ ಹೆಂಡತಿ, ಬೇರೆ ದಾರಿಯಿಲ್ಲದೆ.

ಗಂಟೆ ಹನ್ನೊಂದಾಗಿತ್ತು. ಅಧಿಕಾರಿಣಿ ಚೀಲ ಕೆಳಗಿಟ್ಟು, ನೆಲದ ಮೇಲೆ ಕೂತು, ನನ್ನ ಸೊಂಟದ ಪಕ್ಕದ ಸಂದಿನಲ್ಲಿ ಬಗ್ಗಿ ನೋಡಿದರು. ಅರ್ಧ ಗಂಟೆಯ ವಿಚಾರಣೆ ಅಲ್ಲೇ ನಡೆಯಿತು. ಮಧ್ಯೆ ನಾನು ಸೇತುವೆಯಂತೆ ಮಲಗಿದ್ದೆ.

"ಯಾಕಮ್ಮ ಇಲ್ಲಿ ಬಚ್ಚಿಟ್ಕೊಂಡಿದ್ದೀಯಾ?"

"ನಾನಲ್ಲ. ಇವರು ಸಿಕ್ಕಿಹಾಕ್ಕೊಂಡಿದಾರೆ. ಅದಕ್ಕೆ ಕೂತಿದೀನಿ. ಎಳೀಬೇಡಿ, ನೋವಾಗುತ್ತೆ."

"ಹೊರಗಿರೋ ಜನ ಎಲ್ಲ ಯಾರು?"

"ಗೊತ್ತಿಲ್ಲ. ಗಂಟೆ ಅಜ್ಜಿ ಬಂದಿಲ್ಲ, ಅವರು ನಾಳೆ ಬರ್ತಾರೆ."

"ಬೇರೆ ಊರಲ್ಲಿ ದೊಡ್ಡ ಮನೆ ಇದೆ. ತುಂಬ ಮಕ್ಕಳಿದಾರೆ. ಅಲ್ಲಿಗೆ ಹೋಗೋಕೆ ಇಷ್ಟನಾ?"

 ಹಿಂದೆ ಹೆಂಡತಿ ನನ್ನ ಕಾಲಿನ ಹೆಬ್ಬೆರಳು ಹಿಡಿದುಕೊಂಡಳು.

"ಆಗಲ್ಲ" ಎಂದಳು ಇರುವೆ. "ದೊಡ್ಡಮ್ಮಂಗೆ ಡ್ಯೂಟಿ ಇರುತ್ತೆ. ನಾನು ಹೋದ್ರೆ ರೀ ಅವರನ್ನ ಯಾರು ನೋಡ್ಕೋತಾರೆ?"

ಬಡಗಿಯನ್ನು ಅಂಗಳದಿಂದ ಕರೆಸಿ ಮಂಚದ ಒಂದು ಬದಿ ಬಿಚ್ಚಿಸಲಾಯಿತು. ಹೊರಬಂದ ನನ್ನನ್ನು ನೋಡಿ ನಲವತ್ತೊಂದು ಜನ ದೇವರಿಗೆ ಸ್ತೋತ್ರ ಹೇಳಿದರು. ಕಳೆದುಹೋದವನು ನಾನೇ ಎಂದು ಅವರಲ್ಲಿ ಅರ್ಧ ಜನ ಇಂದಿಗೂ ನಂಬಿದ್ದಾರೆ.

ವಾರದ ಮೇಲೆ ಕಚೇರಿಯಿಂದ ವರದಿಯ ಪ್ರತಿ ಬಂತು. ಹುಡುಗಿ ಇಲ್ಲಿಯೇ ಮುಂದುವರಿಯತಕ್ಕದ್ದು. ಹೆಂಡತಿ ಆ ಸಾಲನ್ನು ಮೂರು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಕಣ್ಣು ಒರೆಸಲು ಮರೆತು, ಅಡುಗೆಮನೆಗೆ ಹೋದಳು. ನಾನು ಮಿಕ್ಕದ್ದು ಓದಿದೆ. ಏಳನೇ ಪ್ರಶ್ನೆ, ಬೆಂಬಲ: "ಇದೆ. ಗಂಟೆ ಬಾರಿಸುವ ವೃದ್ಧೆ, ಬಡಗಿ. ಉಳಿದವರನ್ನು ಒಬ್ಬೊಬ್ಬರಾಗಿ, ಏನು ಬೇಕೆಂದು ಕೇಳಿ ಬರುವಂತೆ ತಿಳಿಸುವುದು." ಎಂಟನೆಯದು: "ಮನೆಯಲ್ಲಿ ಆರೈಕೆಯ ಅಗತ್ಯವಿರುವವರ ಸಂಖ್ಯೆ: ಇಬ್ಬರು."

ನನ್ನ ವೃತ್ತಿಧರ್ಮ ಜಾಗೃತವಾಯಿತು. ಕೆಂಪು ಪೆನ್ನು ತೆಗೆದು "ಇಬ್ಬರು" ಎಂಬುದಕ್ಕೆ ಸುತ್ತು ಹಾಕಿ ಹೆಂಡತಿಗೆ ತೋರಿಸಿದೆ. "ನೋಡು, ಸರ್ಕಾರಿ ಕಾಗದದಲ್ಲೂ ಎಂಥ ತಪ್ಪು."

ಅವಳು ಓದಿದಳು. ನನ್ನ ಕೈಯಿಂದ ಪೆನ್ನು ತೆಗೆದುಕೊಂಡು, ಪಕ್ಕದಲ್ಲಿ ದುಂಡಗೆ "ಸರಿ ಇದೆ" ಎಂದು ಬರೆದಳು.

ಇರುವೆ ಬಾಗಿಲಲ್ಲಿ ನಿಂತು ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಕಂಕುಳಲ್ಲಿ ಡಬ್ಬವಿತ್ತು.

"ರೀ" ಎಂದಳು, "ಬನ್ನಿ, ಊಟದ ಹೊತ್ತಾಯ್ತು. ಕೈ ತೊಳ್ಕೊಂಡ್ರಾ?"

ನಾನು ಎದ್ದು ಹೋಗಿ ಕೈ ತೊಳೆದುಕೊಂಡೆ.